ಮೊಮ್ಮಕ್ಕಳನ್ನು ಬಿಟ್ಟು ಹೊರಟ ಅಜ್ಜ-ಅಜ್ಜಿ

ನಮ್ಮಲ್ಲಿ ನಿವೃತ್ತರಾದ ಅಪ್ಪ-ಅಮ್ಮ ವಿದೇಶಕ್ಕೆ ವಿಮಾನ ಹತ್ತುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಅಮೆರಿಕದಲ್ಲಿರುವ ಮಗಳಿಗೆ ಬಾಣಂತನ ಮಾಡಬೇಕು, ಇಲ್ಲವೇ ಸೊಸೆ ಕೆಲಸಕ್ಕೆ ಮರಳುವಾಗ ಮಗುವನ್ನು ನೋಡಿಕೊಳ್ಳಬೇಕು. ಸೂಟ್‌ಕೇಸಿನಲ್ಲಿ ಸಾರಿನ ಪುಡಿ, ಚಟ್ನಿಪುಡಿ, ಮಗುವಿಗೆ ಕುಲಾವಿ ತುಂಬಿಕೊಂಡು ಆರು ತಿಂಗಳಿಗೆ ಹೊರಟುಬಿಡುತ್ತಾರೆ.

ಅದೇ ಅಮೆರಿಕದಿಂದ, ಅದೇ ವಯಸ್ಸಿನ ಇನ್ನೊಂದಷ್ಟು ಅಜ್ಜ-ಅಜ್ಜಿಯರು ಇದಕ್ಕೆ ಪೂರ್ತಿ ತಿರುಗುಮುರುಗಾಗಿ ಹೊರಡುತ್ತಾರೆ. ಮೊಮ್ಮಕ್ಕಳನ್ನು ಮುದ್ದಿಸಿ, ಮನೆಗೆ ಬೀಗ ಹಾಕಿ ಅಥವಾ ಬಾಡಿಗೆಗೆ ಕೊಟ್ಟು, ಸಾಕಿದ ನಾಯಿಯನ್ನು ಮಗನ ಮನೆಯಲ್ಲಿ ಬಿಟ್ಟು, ಹಿಂದೆಂದೂ ಕಾಣದ ದೇಶಕ್ಕೆ ಹೋಗುತ್ತಾರೆ. ಅಲ್ಲಿ ಅವರಿಗೆ ಸಂಬಳವಿಲ್ಲ. ಖರ್ಚು ಅವರದೇ. ಕೆಲವರು ಆರು ತಿಂಗಳು, ಕೆಲವರು ಒಂದು ವರ್ಷ, ಹಲವರು ಒಂದೂವರೆ ವರ್ಷ, ಇನ್ನು ಕೆಲವರು 23 ತಿಂಗಳು ಇರುತ್ತಾರೆ.

ಈ ವಯಸ್ಸಿನಲ್ಲಿ ಇದೇಕೆ? ಅಲ್ಲಿ ಹೋಗಿ ದಿನವಿಡೀ ಮಾಡುವುದಾದರೂ ಏನು? ಪಶ್ಚಿಮ ಆಫ್ರಿಕದ ಘಾನಾ ದೇಶಕ್ಕೆ ಹೋಗುವ ಇಂಥ ಜೋಡಿಗಳ ದಿನಚರಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಇಲ್ಲಿ ಬರುವ ಅಜ್ಜ-ಅಜ್ಜಿ ಯಾವುದೋ ಒಂದು ಮನೆಯವರಲ್ಲ. ಅನೇಕರ ಬದುಕು ಹೀಗಿರುತ್ತದೆ ಎಂದು ತಿಳಿದರೆ ಸಾಕು.

ಯಾರಿವರು?

ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ ಕೇಂದ್ರವಿರುವ ಒಂದು ಕ್ರೈಸ್ತ ಪಂಗಡವಿದೆ. ಅದರ ಪೂರ್ತಿ ಹೆಸರು 'ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲೇಟರ್-ಡೇ ಸೇಂಟ್ಸ್'. 1830ರಲ್ಲಿ ಶುರುವಾದ ಈ ಪಂಗಡದವರನ್ನು ಜನ ಬಹುಕಾಲದಿಂದ 'ಮಾರ್ಮನ್ನರು' ಎಂದು ಕರೆದಿದ್ದಾರೆ. ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ ತೊಟ್ಟು ಇಬ್ಬಿಬ್ಬರಾಗಿ ಓಡಾಡುವ ಹುಡುಗರನ್ನು ನೀವು ಸಿನಿಮಾದಲ್ಲಾದರೂ ನೋಡಿರಬಹುದು. ಈ ಪಂಗಡದ ಯುವಕರು ಎರಡು ವರ್ಷ, ಯುವತಿಯರು ಒಂದೂವರೆ ವರ್ಷ ಮನೆ ಬಿಟ್ಟು ಧರ್ಮಪ್ರಚಾರಕ್ಕೆ ಹೋಗುವುದು ರೂಢಿ. ನಮ್ಮ ಬೆಂಗಳೂರಿನಲ್ಲೂ 1993ರಿಂದ ಇವರದೊಂದು ಕೇಂದ್ರವಿದೆ.

ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲದ್ದು ಎಂದರೆ ಹಿರಿಯ ದಂಪತಿಗಳೂ ಹೀಗೆ ಹೋಗುತ್ತಾರೆ ಎಂಬುದು. ಮಕ್ಕಳೆಲ್ಲ ದೊಡ್ಡವರಾಗಿರಬೇಕು, ಆರೋಗ್ಯ ಚೆನ್ನಾಗಿರಬೇಕು, ಖರ್ಚು ತೂಗಿಸಲು ಪಿಂಚಣಿಯೋ ಉಳಿತಾಯವೋ ಇರಬೇಕು. ಹೊರಡುವ ಮುನ್ನ ಕೆಲವು ದಿನಗಳ ತರಬೇತಿ ಉಂಟು. ಎದೆಗೆ ಅದೇ ಕಪ್ಪು ಹೆಸರುಪಟ್ಟಿ ಬರುತ್ತದೆ. ಗಂಡ 'ಎಲ್ಡರ್', ಹೆಂಡತಿ 'ಸಿಸ್ಟರ್'. ಹತ್ತೊಂಬತ್ತರ ಹುಡುಗನೂ 'ಎಲ್ಡರ್', ಎಪ್ಪತ್ತರ ಅಜ್ಜನೂ 'ಎಲ್ಡರ್'!

ಇದು ಧರ್ಮಪ್ರಚಾರವಲ್ಲವೇ ಎಂದು ಕೇಳಿದರೆ, ಹೌದು. ಇವರನ್ನು ಕಳಿಸುವುದು ಚರ್ಚು, ಹೊರಡಿಸುವುದು ಅವರ ನಂಬಿಕೆ. ಆದರೆ ಮನೆಮನೆಗೆ ಹೋಗಿ ಬಾಗಿಲು ತಟ್ಟುವುದು ಹೆಚ್ಚಾಗಿ ಯುವಕರ ಪಾಲಿನ ಕೆಲಸ. ಹಿರಿಯರಿಗೆ ಸಿಗುವ ಕೆಲಸ ಬೇರೆ. ಅದನ್ನು ನೋಡಿದರೆ ಸಂಸಾರ ತೂಗಿಸಿದ ಯಾರಿಗಾದರೂ ಪರಿಚಿತ ಅನ್ನಿಸುತ್ತದೆ.

ಬೆಳಗಿನ ಹೊತ್ತು

ಘಾನಾ ಭೂಮಧ್ಯರೇಖೆಗೆ ಸಮೀಪದ ದೇಶ. ಬೆಳಗಾಗುವಷ್ಟರಲ್ಲೇ ಸೆಕೆ. ಹಿಮ ಬೀಳುವ ಊರಿನಿಂದ ಬಂದ ಅಜ್ಜ-ಅಜ್ಜಿಗೆ ಎದ್ದ ಕೂಡಲೇ ಎರಡು ಪ್ರಶ್ನೆ: ಕರೆಂಟ್ ಇದೆಯೇ? ನೀರು ಬಂತೇ? ಈ ಪ್ರಶ್ನೆಗಳು ನಮಗೇನೂ ಹೊಸತಲ್ಲ. ಕರೆಂಟ್ ಹೋಗಿ ಬರುವ ಆಟಕ್ಕೆ ಘಾನಾದ ಜನ 'ದುಮ್‌ಸೋರ್' ಎಂದೇ ಹೆಸರಿಟ್ಟಿದ್ದಾರೆ. 'ಆರುವುದು, ಹತ್ತುವುದು' ಎಂದು ಅದರ ಅರ್ಥ.

ಫಿಲ್ಟರ್ ಮಾಡಿದ ನೀರಿನಲ್ಲೇ ತರಕಾರಿ ತೊಳೆಯಬೇಕು. ಮಲೇರಿಯಾ ಬರದಂತೆ ಮಾತ್ರೆ ನುಂಗಬೇಕು. ಆಮೇಲೆ ಇಬ್ಬರೂ ಕೂತು ಧರ್ಮಗ್ರಂಥ ಓದಿ, ಪ್ರಾರ್ಥನೆ ಮಾಡಿ, ತಿಂಡಿ ತಿನ್ನುತ್ತಾರೆ. ಕಾಫಿ ಮಾತ್ರ ಇಲ್ಲ. ಈ ಪಂಗಡದವರು ಕಾಫಿ, ಟೀ, ಹೆಂಡ, ಹೊಗೆಸೊಪ್ಪು ಯಾವುದನ್ನೂ ಮುಟ್ಟುವುದಿಲ್ಲ. ಬೆಳಗಿನ ಫಿಲ್ಟರ್ ಕಾಫಿಯಿಲ್ಲದೆ ಕಣ್ಣು ಬಿಡದ ನಮ್ಮ ಮನೆಗಳವರು ಇದೊಂದನ್ನು ಕೇಳಿಯೇ ಗಾಬರಿಯಾದಾರು.

ಯುವಕರಿಗೆ ಏಳುವ ಹೊತ್ತು, ಮಲಗುವ ಹೊತ್ತು, ಓದುವ ಹೊತ್ತು ಎಲ್ಲವೂ ಕಟ್ಟುನಿಟ್ಟು. ಹಿರಿಯರಿಗೆ ಅಷ್ಟು ಬಿಗಿಯಿಲ್ಲ. ಮಂಡಿನೋವಿದ್ದರೆ ನಿಧಾನವಾಗಿ ಏಳಬಹುದು. ಆದರೆ ಒಂದು ವಿಷಯದಲ್ಲಿ ಅವರ ಬದುಕು ಪೂರ್ತಿ ಬದಲಾಗಿರುತ್ತದೆ. ನಲವತ್ತು ವರ್ಷ ಅವರು ಬೆಳಿಗ್ಗೆ ಆಫೀಸಿಗೆ ಹೋಗಿ ಸಂಜೆ ಬರುತ್ತಿದ್ದರು. ಇವರು ಮನೆಯಲ್ಲೋ ಶಾಲೆಯಲ್ಲೋ ಆಸ್ಪತ್ರೆಯಲ್ಲೋ ದುಡಿಯುತ್ತಿದ್ದರು. ಈಗ ಇಪ್ಪತ್ತನಾಲ್ಕು ಗಂಟೆಯೂ ಜತೆ. ಒಂದೇ ಕಾರು, ಒಂದೇ ಮೇಜು, ಒಂದೇ ಕೆಲಸ. ದಾರಿ ತಪ್ಪಿದರೆ ಬೈಯಲೂ ಒಬ್ಬರಿಗೊಬ್ಬರೇ, ಜ್ವರ ಬಂದರೆ ಗಂಜಿ ಕಾಯಿಸಲೂ ಒಬ್ಬರಿಗೊಬ್ಬರೇ.

ಮನೆಗೆಲಸದಂಥ ಕೆಲಸ

ಕೆಲವು ದಂಪತಿ ಕಚೇರಿಯಲ್ಲಿ ಕೂರುತ್ತಾರೆ. ಬಾಡಿಗೆ ಮನೆಗಳ ಕರಾರು, ಕಾರುಗಳ ರಿಪೇರಿ, ವಿಮಾನದ ಟಿಕೆಟ್, ಲೆಕ್ಕಪತ್ರ ಎಲ್ಲವೂ ಅವರ ತಲೆಗೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಡ್ಜರು ಬರೆದವರಿಗೆ ಇದು ನೀರು ಕುಡಿದಷ್ಟು ಸುಲಭ.

ಇನ್ನು ಕೆಲವರು ಯುವಕರ ಬಾಡಿಗೆ ಮನೆಗಳನ್ನು ಸುತ್ತಿ ನೋಡುತ್ತಾರೆ. ಗ್ಯಾಸ್ ಸರಿಯಿದೆಯೇ, ನೀರಿನ ಫಿಲ್ಟರ್ ಬದಲಿಸಿದ್ದಾರೆಯೇ, ಸೊಳ್ಳೆಪರದೆ ಹರಿದಿದೆಯೇ, ಸಿಂಕಿನಲ್ಲಿ ಎಷ್ಟು ದಿನದ ಪಾತ್ರೆ ಬಿದ್ದಿವೆ! ಮೊದಲ ಸಲ ಅಮ್ಮನ ಕೈಯಡುಗೆ ಬಿಟ್ಟು ಬಂದ ಹುಡುಗರು ಅವರು. 2019ರವರೆಗೆ ಈ ಹುಡುಗ-ಹುಡುಗಿಯರು ಮನೆಗೆ ಫೋನ್ ಮಾಡಿ ಮಾತಾಡಲು ಅವಕಾಶವಿದ್ದದ್ದು ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್ ದಿನ ಮತ್ತು ತಾಯಂದಿರ ದಿನ. ಈಗ ವಾರಕ್ಕೊಮ್ಮೆ ಮಾತಾಡಬಹುದು. ಆದರೂ ಮನೆಯ ನೆನಪಾಗಿ ಕಣ್ಣು ತುಂಬಿಕೊಂಡ ಹುಡುಗನಿಗೆ ಆ ಹೊತ್ತಿಗೆ ಬೇಕಾದದ್ದು ಉಪದೇಶವಲ್ಲ, ಬಿಸಿ ಊಟ ಮತ್ತು ಪಕ್ಕದಲ್ಲಿ ಕೂರುವ ಒಬ್ಬ ಅಜ್ಜಿ.

ಮಾರುಕಟ್ಟೆಗೆ ಹೋದರೆ ಟೊಮೆಟೊ, ಬಾಳೆಕಾಯಿ, ಗೆಣಸಿನ ಜಾತಿಯ ಯಾಮ್ ರಾಶಿ ರಾಶಿ. ಕುಡಿಯುವ ನೀರು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಸಿಗುತ್ತದೆ. ಯಾರಿಗಾದರೂ ಹಣ ಕೊಡುವಾಗ, ವಸ್ತು ತೆಗೆದುಕೊಳ್ಳುವಾಗ ಬಲಗೈಯನ್ನೇ ಚಾಚಬೇಕು. ಎಡಗೈ ಚಾಚಿದರೆ ಮರ್ಯಾದೆಯಲ್ಲ. ಅಮೆರಿಕದ ಅಜ್ಜ ಇದನ್ನು ಕಲಿಯಬೇಕು, ನಮ್ಮ ಹಳ್ಳಿಯ ಅಜ್ಜನಾದರೆ ಹೇಳಿಕೊಡಬೇಕಿಲ್ಲ. ಊಟಕ್ಕೆ ಕರೆದ ಮನೆಯಲ್ಲಿ 'ಫುಫು' ಬಡಿಸುತ್ತಾರೆ. ಬೇಯಿಸಿದ ಮರಗೆಣಸು ಮತ್ತು ಬಾಳೆಕಾಯಿಯನ್ನು ಒರಳಲ್ಲಿ ಕುಟ್ಟಿ ಮಾಡಿದ ಮೆತ್ತನೆ ಉಂಡೆ ಅದು. ಚೂರು ಮುರಿದು, ಖಾರದ ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಬೇಕು. ರಾಗಿಮುದ್ದೆ ಉಂಡು ಬೆಳೆದವರಿಗೆ ಇದೂ ಹೊಸ ಪಾಠವಲ್ಲ. ಚಮಚ-ಫೋರ್ಕಿನವರಿಗೆ ಮಾತ್ರ ಕೆಲವು ದಿನ ಬೇಕು.

ಘಾನಾದಲ್ಲಿ ಮುದಿತನಕ್ಕೆ ಗೌರವವಿದೆ. ಅಲ್ಲಿನ ಅಕಾನ್ ಜನರ ಮಾತಿನಲ್ಲಿ 'ನಾನಾ' ಎಂದರೆ ಅಜ್ಜ ಅಥವಾ ಅಜ್ಜಿ. ಊರ ಮುಖ್ಯಸ್ಥನನ್ನು ಕರೆಯುವುದೂ 'ನಾನಾ' ಎಂದೇ. ಹಳ್ಳಿಯೊಂದರಲ್ಲಿ ಕೊಳವೆಬಾವಿಯ ಕೆಲಸ ನೋಡಲು ಹೋದರೂ ಮೊದಲು ಆ ಮುಖ್ಯಸ್ಥನನ್ನು ಕಂಡು, ಅವನ ವಕ್ತಾರನ ಮೂಲಕ ಬಂದ ಕಾರಣ ಅರಿಕೆ ಮಾಡಿಕೊಳ್ಳಬೇಕು. ಇಂಥ ಕಡೆ ನರೆತ ಕೂದಲು, ಸಾವಕಾಶದ ಮಾತು ಕೆಲಸಕ್ಕೆ ಬರುತ್ತವೆ.

ಬಂಗಾರದ ಒಂದು ನಿಮಿಷ

ನರ್ಸ್ ಆಗಿಯೋ ವೈದ್ಯರಾಗಿಯೋ ದುಡಿದು ನಿವೃತ್ತರಾದವರಿಗೆ ಇನ್ನೊಂದು ಕೆಲಸ ಕಾದಿರುತ್ತದೆ. ಹುಟ್ಟಿದ ಕೂಡಲೇ ಎಲ್ಲ ಮಕ್ಕಳೂ ಅಳುವುದಿಲ್ಲ. ಕೆಲವು ಮಕ್ಕಳಿಗೆ ಉಸಿರು ಹಿಡಿಯಲು ಯಾರಾದರೂ ನೆರವಾಗಬೇಕು. ಹುಟ್ಟಿದ ಒಂದು ನಿಮಿಷದೊಳಗೆ ಮಗು ತಾನಾಗಿ ಉಸಿರಾಡಬೇಕು, ಇಲ್ಲವೇ ಉಸಿರು ಕೊಡಲು ಶುರುಮಾಡಬೇಕು. ವೈದ್ಯರು ಇದನ್ನು 'ಬಂಗಾರದ ನಿಮಿಷ' ಎನ್ನುತ್ತಾರೆ.

ಹೆರಿಗೆ ಮಾಡಿಸುವವರಿಗೆ ಇದನ್ನು ಕಲಿಸಲು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2010ರಲ್ಲಿ 'ಹೆಲ್ಪಿಂಗ್ ಬೇಬೀಸ್ ಬ್ರೀದ್' ಎಂಬ ತರಬೇತಿ ಶುರುಮಾಡಿತು. ಅದಕ್ಕೆ ಕೈಜೋಡಿಸಿದ ಸಂಸ್ಥೆಗಳಲ್ಲಿ ಈ ಚರ್ಚಿನ ಸೇವಾ ವಿಭಾಗವೂ ಒಂದು. ತರಬೇತಿಗೆ ದೊಡ್ಡ ಯಂತ್ರಗಳು ಬೇಡ. ಒಂದು ಬೊಂಬೆ ಇರುತ್ತದೆ. ಅದರೊಳಗೆ ನೀರು ತುಂಬಿದರೆ ನಿಜವಾದ ಹಸುಗೂಸಿನಷ್ಟೇ ಭಾರ, ಅಷ್ಟೇ ಮೆತ್ತಗೆ. ಮಗುವನ್ನು ಒರೆಸಿ ಬೆಚ್ಚಗಿಡುವುದು, ಬೆನ್ನು ನೀವಿ ಚುರುಕುಗೊಳಿಸುವುದು, ಬಾಯಿ-ಮೂಗಿನ ದಾರಿ ತೆರವು ಮಾಡುವುದು, ಆಮೇಲೂ ಉಸಿರಾಡದಿದ್ದರೆ ಪುಟ್ಟ ಮುಖವಾಡ ಮತ್ತು ಒತ್ತುವ ಚೀಲದಿಂದ ಗಾಳಿ ಕೊಡುವುದು. ಇಷ್ಟನ್ನು ಕೈಗೆ ರೂಢಿಯಾಗುವವರೆಗೆ ಮತ್ತೆ ಮತ್ತೆ ಮಾಡಿಸುತ್ತಾರೆ.

ಈ ತರಬೇತಿಯಲ್ಲಿ ಒಂದು ಜಾಣತನವಿದೆ. ಕಲಿತವರೇ ಮುಂದೆ ಕಲಿಸಬೇಕು. ಹೊರಗಿನಿಂದ ಬಂದವರು ಮೊದಲು ಕೆಲವರನ್ನು ತಯಾರು ಮಾಡುತ್ತಾರೆ, ಅವರು ತಮ್ಮ ಆಸ್ಪತ್ರೆಗೆ ಮರಳಿ ತಮ್ಮ ಜತೆಯವರಿಗೆ ಹೇಳಿಕೊಡುತ್ತಾರೆ. ಬೊಂಬೆ, ಮುಖವಾಡ, ಚೀಲ ಅಲ್ಲೇ ಉಳಿಯುತ್ತವೆ.

ಬಾಯಲ್ಲೇ ಉಳಿದ ವಂಶವೃಕ್ಷ

ಈ ಪಂಗಡದವರಿಗೆ ಪೂರ್ವಿಕರ ಹೆಸರು ಹುಡುಕಿ ಬರೆದಿಡುವುದೂ ಧರ್ಮದ ಭಾಗ. ಅದಕ್ಕಾಗಿಯೇ 1894ರಲ್ಲಿ ಯೂಟಾದಲ್ಲಿ ಒಂದು ಸಂಘ ಹುಟ್ಟಿತು. 1938ರಿಂದ ಅದು ದೇಶದೇಶಗಳ ಹಳೆಯ ದಾಖಲೆಗಳನ್ನು ಮೈಕ್ರೋಫಿಲ್ಮ್ ಮಾಡತೊಡಗಿತು. 'ಫ್ಯಾಮಿಲಿಸರ್ಚ್' ಎಂಬ ಇಂದಿನ ಹೆಸರಿನ ಆ ಸಂಸ್ಥೆ ಸುಮಾರು 24 ಲಕ್ಷ ಫಿಲ್ಮ್ ಸುರುಳಿಗಳನ್ನು 2021ರಲ್ಲಿ ಡಿಜಿಟಲ್ ಮಾಡಿ ಮುಗಿಸಿತು. ಹಳೆಯ ಪತ್ರಾಗಾರಗಳಲ್ಲಿ ಕೂತು ಒಂದೊಂದೇ ಹಾಳೆ ತಿರುವಿ ಕ್ಯಾಮೆರಾದಲ್ಲಿ ಹಿಡಿಯುವುದು ಎಷ್ಟೋ ಹಿರಿಯ ದಂಪತಿಗಳ ದಿನದ ಕೆಲಸ.

ಘಾನಾದ ಹಳ್ಳಿಗಳಲ್ಲಿ ವಂಶದ ವಿವರ ಅನೇಕ ಕಡೆ ಕಾಗದದ ಮೇಲಿಲ್ಲ, ಹಿರಿಯರ ಬಾಯಲ್ಲಿದೆ. ಊರ ಹಿರಿಯರು ತಲೆಮಾರುಗಳ ಹೆಸರನ್ನು ಒಂದರ ಹಿಂದೊಂದು ಹೇಳುತ್ತಾ ಹೋಗುತ್ತಾರೆ, ಸ್ಥಳೀಯ ಯುವಕರು ಧ್ವನಿಮುದ್ರಿಸಿ ಬರೆದುಕೊಳ್ಳುತ್ತಾರೆ. ನಮ್ಮ ಹೆಳವರು ನೆನಪಾಗುತ್ತಾರಲ್ಲವೇ? ಎತ್ತಿನ ಜತೆ ಮನೆ ಬಾಗಿಲಿಗೆ ಬಂದು, ಮುತ್ತಜ್ಜನ ಮುತ್ತಜ್ಜನವರೆಗೆ ಹೆಸರು ಹೇಳಿ, ದವಸ ಪಡೆದು ಹೋಗುತ್ತಿದ್ದವರು. ಹೇಳುವ ಹಿರಿಯರು ಹೋದರೆ ಹೆಸರುಗಳೂ ಹೋಗುತ್ತವೆ ಎಂಬ ಆತಂಕ ಎರಡು ಕಡೆಯೂ ಒಂದೇ.

1978ರಲ್ಲಿ ಬಂದ ಎರಡು ಜೋಡಿ

ಘಾನಾಕ್ಕೂ ಈ ಹಿರಿಯ ದಂಪತಿಗಳಿಗೂ ಇರುವ ನಂಟಿಗೆ ಒಂದು ಹಿನ್ನೆಲೆಯಿದೆ. ಅದು ಈ ಚರ್ಚಿಗೆ ಅಷ್ಟೇನೂ ಹೆಮ್ಮೆಯ ಕತೆಯಲ್ಲ. 1978ರ ಜೂನ್‌ವರೆಗೆ ಕಪ್ಪು ಜನಾಂಗದ ಗಂಡಸರಿಗೆ ಈ ಪಂಗಡದಲ್ಲಿ ಪೌರೋಹಿತ್ಯದ ದೀಕ್ಷೆ ಕೊಡುತ್ತಿರಲಿಲ್ಲ. ಹೀಗಾಗಿ ಪಶ್ಚಿಮ ಆಫ್ರಿಕದಲ್ಲಿ ಚರ್ಚು ಕಾಲೂರಲು ಆಗಲೇ ಇಲ್ಲ. ಆದರೆ ಜನ ಕಾದಿದ್ದರು. ಘಾನಾದ ಜೋಸೆಫ್ ವಿಲಿಯಂ ಬಿಲ್ಲಿ ಜಾನ್ಸನ್ ಎಂಬವರು 1964ರಲ್ಲಿ ಪುಸ್ತಕ ಓದಿ ಈ ಮತವನ್ನು ನಂಬಿ, ತಾವೇ ಊರೂರಿನಲ್ಲಿ ಪ್ರಾರ್ಥನಾ ಸಭೆಗಳನ್ನು ಕಟ್ಟಿದ್ದರು. ಪಕ್ಕದ ನೈಜೀರಿಯಾದಲ್ಲಿ ಆಂಟನಿ ಒಬಿನ್ನ ಎಂಬ ಶಿಕ್ಷಕರು ರೀಡರ್ಸ್ ಡೈಜೆಸ್ಟ್ ಪತ್ರಿಕೆಯ ಹಳೆಯ ಸಂಚಿಕೆಯೊಂದರಲ್ಲಿ ಸಾಲ್ಟ್ ಲೇಕ್ ಸಿಟಿಯ ದೇವಾಲಯದ ಚಿತ್ರ ನೋಡಿ ಪತ್ರ ಬರೆಯತೊಡಗಿದ್ದರು. ವರ್ಷಗಳುರುಳಿದರೂ ಇವರನ್ನು ಸೇರಿಸಿಕೊಳ್ಳಲು ಯಾರೂ ಬರಲಿಲ್ಲ.

ಆ ಜೂನ್‌ನಲ್ಲಿ ನಿಯಮ ಬದಲಾಯಿತು. ನವೆಂಬರ್‌ನಲ್ಲಿ ಚರ್ಚು ಆಫ್ರಿಕಕ್ಕೆ ಕಳಿಸಿದ್ದು ಇಪ್ಪತ್ತರ ಹುಡುಗರನ್ನಲ್ಲ, ಎರಡು ಹಿರಿಯ ಜೋಡಿಗಳನ್ನು. ರೆಂಡಲ್ ಮೇಬಿ ಮತ್ತು ರೇಚಲ್ ಮೇಬಿ ಒಂದು ಜೋಡಿ, ಎಡ್ವಿನ್ ಕ್ಯಾನನ್ ಮತ್ತು ಜನಾತ್ ಕ್ಯಾನನ್ ಇನ್ನೊಂದು. ರೆಂಡಲ್ ಮೇಬಿ ವಕೀಲರು, ಯೂಟಾ ಶಾಸನಸಭೆಯ ಸ್ಪೀಕರ್ ಆಗಿದ್ದವರು, ಆಗ ಎಪ್ಪತ್ತರ ಆಸುಪಾಸು. ಜನಾತ್ ಕ್ಯಾನನ್ ಚರ್ಚಿನ ಮಹಿಳಾ ಸಂಘದ ಮುಂದಾಳುಗಳಲ್ಲಿ ಒಬ್ಬರಾಗಿದ್ದವರು. ನವೆಂಬರ್ 21ರಂದು ಒಬಿನ್ನ ಮತ್ತು ಇತರರಿಗೆ ದೀಕ್ಷಾಸ್ನಾನವಾಯಿತು. ಡಿಸೆಂಬರ್‌ನಲ್ಲಿ ಘಾನಾದ ಕೇಪ್ ಕೋಸ್ಟ್ ಊರಿನ ಕಡಲಲ್ಲಿ ಜಾನ್ಸನ್ ಅವರ ಕಡೆಯವರು ಸಾಲುಗಟ್ಟಿ ನೀರಿಗಿಳಿದರು. ಒಂದೇ ವರ್ಷದಲ್ಲಿ ಸಂಖ್ಯೆ ಸಾವಿರ ದಾಟಿತು. ಅಷ್ಟು ಹೊತ್ತಿಗೆ ಎರಡೂ ಜೋಡಿಗಳು ಸ್ಥಳೀಯರಿಗೆ ಜವಾಬ್ದಾರಿ ವಹಿಸಿ ಊರಿಗೆ ಹಿಂದಿರುಗಿದವು.

ಬಿಟ್ಟು ಬಂದದ್ದರ ಬೆಲೆ

ಇದೆಲ್ಲ ಕೇಳಲು ಚೆನ್ನ. ಆದರೆ ರಾತ್ರಿಯಾದಾಗ ಏನು? ಘಾನಾದಲ್ಲಿ ರಾತ್ರಿ ಹನ್ನೊಂದಾದಾಗ ಚಳಿಗಾಲದ ಯೂಟಾದಲ್ಲಿ ಸಂಜೆ ನಾಲ್ಕು. ಮೊಮ್ಮಗ ಶಾಲೆಯಿಂದ ಬರುವ ಹೊತ್ತು. ಅವನ ಮುಖ ನೋಡಬೇಕೆಂದರೆ ಅಜ್ಜ-ಅಜ್ಜಿ ನಿದ್ದೆಗೆಟ್ಟು ವಿಡಿಯೊ ಕರೆಗೆ ಕೂರಬೇಕು, ಆಗ ಕರೆಂಟೂ ಇರಬೇಕು. ಹೊರಡುವಾಗ ಮಡಿಲಲ್ಲಿದ್ದ ಕೂಸು ಮರಳುವಷ್ಟರಲ್ಲಿ ಓಡಾಡುತ್ತಿರುತ್ತದೆ. ಅದರ ಮೊದಲ ಹೆಜ್ಜೆ, ಮೊದಲ ಮಾತು ಎಲ್ಲವೂ ಪರದೆಯ ಮೇಲೆ ಕಂಡದ್ದು. ಎದುರಿಗೆ ನಿಂತರೆ ಅದು ಅಮ್ಮನ ಹಿಂದೆ ಬಚ್ಚಿಟ್ಟುಕೊಂಡರೂ ಬಚ್ಚಿಟ್ಟುಕೊಂಡೀತು.

ಅರವತ್ತೈದರವರಿಗೆ ತೊಂಬತ್ತರ ತಾಯಿಯೂ ಇರಬಹುದು. ಮಗಳ ಹೆರಿಗೆ, ಅಮ್ಮನ ಕೊನೆಗಾಲ, ತಮ್ಮದೇ ಬಿ.ಪಿ., ಸಕ್ಕರೆ. ಈ ಕಾರಣಗಳಿಗಾಗಿಯೇ ಎಷ್ಟೋ ಜನ ಹೊರಡಲು ಹಿಂಜರಿಯುತ್ತಾರೆ. ಇದನ್ನು ಕಂಡು ಚರ್ಚು 2011ರಲ್ಲಿ ನಿಯಮ ಸಡಿಲಿಸಿತು. ಆರು ತಿಂಗಳಿಗೂ ಹೋಗಬಹುದು ಎಂದಿತು. ಮನೆಯ ಮುಖ್ಯ ಸಂದರ್ಭಕ್ಕೆ ತಮ್ಮ ಖರ್ಚಿನಲ್ಲಿ ಏಳರಿಂದ ಹತ್ತು ದಿನ ಊರಿಗೆ ಹೋಗಿ ಬರಲು ಒಪ್ಪಿತು. ಬೇರೆ ದೇಶದಲ್ಲಿ ಮನೆ ಬಾಡಿಗೆ ದುಬಾರಿಯಾದರೆ ದಂಪತಿ ಕೊಡಬೇಕಾದದ್ದಕ್ಕೆ ತಿಂಗಳಿಗೆ 1,400 ಡಾಲರಿನ ಮಿತಿ ಹಾಕಿತು.

ಆದರೂ ಎಲ್ಲರಿಗೂ ಇದು ಒಗ್ಗುವುದಿಲ್ಲ. ಕಾಯಿಲೆ ಬಿದ್ದು ಅರ್ಧಕ್ಕೆ ಮರಳಿದವರಿದ್ದಾರೆ. ಭಾಷೆ ಬಾರದೆ, ಜತೆಗೆ ಯಾರೂ ಇಲ್ಲದೆ ಮಂಕಾಗುವವರಿದ್ದಾರೆ. ಎಲ್ಲವನ್ನೂ ತಮ್ಮೂರಿನ ರೀತಿಯಲ್ಲೇ ನಡೆಸಲು ಹೋಗಿ ಊರವರೊಡನೆ ತಿಕ್ಕಾಟಕ್ಕೆ ಬೀಳುವುದೂ ಉಂಟು. ಮಗ-ಸೊಸೆಯ ಮನೆಗೆ ಹೋದ ಅತ್ತೆ-ಮಾವ ಕಲಿಯುವ ಪಾಠವನ್ನು ಇವರೂ ಕಲಿಯಬೇಕು: ಕೇಳಿದಾಗ ಹೇಳಬೇಕು, ಕೇಳದಿದ್ದಾಗ ನೋಡುತ್ತ ಕೂರಬೇಕು.

ಪುಟಾಣಿಗಳಿಗೆ ಒಂದು ಆಟ

ಮಕ್ಕಳೇ, ಘಾನಾದ ಅಕಾನ್ ಜನರಲ್ಲಿ ಮಗು ಹುಟ್ಟಿದ ವಾರವೇ ಅದರ ಒಂದು ಹೆಸರು. ಶುಕ್ರವಾರ ಹುಟ್ಟಿದ ಗಂಡುಮಗು ಕೋಫಿ. ಶನಿವಾರ ಹುಟ್ಟಿದರೆ ಹುಡುಗ ಕ್ವಾಮೆ, ಹುಡುಗಿ ಅಮಾ. ಭಾನುವಾರದ ಹುಡುಗ ಕ್ವಾಸಿ, ಹುಡುಗಿ ಅಕೋಸುವಾ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಯಾವ ವಾರ ಹುಟ್ಟಿದರು, ಘಾನಾದ ಮೊದಲ ಅಧ್ಯಕ್ಷ ಕ್ವಾಮೆ ಎನ್‌ಕ್ರುಮಾ ಯಾವ ವಾರ ಹುಟ್ಟಿದರು ಎಂದು ನೀವೀಗ ಹೇಳಬಲ್ಲಿರಿ. ನಮ್ಮಲ್ಲೂ ಸೋಮಣ್ಣ, ಮಂಗಳಮ್ಮ, ಶುಕ್ರಪ್ಪ, ಶನಿಯಪ್ಪ ಎಂಬ ಹೆಸರುಗಳಿವೆ. ನಿಮ್ಮ ಅಜ್ಜ-ಅಜ್ಜಿ ಹುಟ್ಟಿದ ವಾರ ಯಾವುದು, ಅವರ ಅಜ್ಜ-ಅಜ್ಜಿಯ ಹೆಸರೇನು ಎಂದು ಇವತ್ತೇ ಕೇಳಿ ಒಂದು ಹಾಳೆಯಲ್ಲಿ ಬರೆದಿಡಿ.

ಅವರು ಹೋದ ಮೇಲೆ

1989ರ ಜೂನ್‌ನಲ್ಲಿ ಘಾನಾ ಸರ್ಕಾರ ಈ ಚರ್ಚಿನ ಚಟುವಟಿಕೆಗಳನ್ನು ತಡೆಹಿಡಿಯಿತು. ಹೊರದೇಶದವರು ದೇಶ ಬಿಡಬೇಕಾಯಿತು, ಪ್ರಾರ್ಥನಾ ಮಂದಿರಗಳಿಗೆ ಬೀಗ ಬಿತ್ತು. ಹತ್ತಿರ ಹತ್ತಿರ ಹದಿನೆಂಟು ತಿಂಗಳ ಮೇಲೆ, 1990ರ ನವೆಂಬರ್‌ನಲ್ಲಿ ತಡೆ ತೆರವಾಯಿತು. ಅಷ್ಟು ದಿನವೂ ಅಲ್ಲಿನವರು ತಮ್ಮ ತಮ್ಮ ಮನೆಗಳಲ್ಲೇ ಕೂಡಿ ಪ್ರಾರ್ಥನೆ ನಡೆಸಿಕೊಂಡು ಬಂದರು. ಹೊರಗಿನ ಒಬ್ಬ ಅಜ್ಜನೂ ಇರಲಿಲ್ಲ, ಆದರೂ ನಡೆಯಿತು.

ಇಂಥ ಸೇವೆಯನ್ನು ಅಳೆಯಲು ಇದೇ ಸರಿಯಾದ ಕೋಲು ಅನ್ನಿಸುತ್ತದೆ. ದಂಪತಿ ಇದ್ದಾಗ ಎಷ್ಟು ಕೆಲಸ ನಡೆಯಿತು ಎಂಬುದಲ್ಲ, ಅವರು ವಿಮಾನ ಹತ್ತಿದ ಮೇಲೆ ಎಷ್ಟು ನಡೆಯಿತು ಎಂಬುದು. ಕೊಳವೆಬಾವಿಯ ಕೈಪಂಪು ಕೆಟ್ಟರೆ ಊರಿನವನೇ ರಿಪೇರಿ ಮಾಡಬಲ್ಲನೇ? ಲೆಕ್ಕದ ಪುಸ್ತಕ ಬರೆಯಲು ಅಲ್ಲಿಯ ಹುಡುಗಿ ಕಲಿತಳೇ? ಮನೆಯಲ್ಲೂ ಹಿರಿಯರ ಕೆಲಸ ಇದೇ ತಾನೇ. ಉಪ್ಪಿನಕಾಯಿ ಹಾಕಿ ಭರಣಿ ತುಂಬಿಸಿಟ್ಟು ಹೋದರೆ ಒಂದು ವರ್ಷಕ್ಕೆ ಮುಗಿಯುತ್ತದೆ, ಹಾಕುವುದನ್ನು ಕಲಿಸಿ ಹೋದರೆ ಮುಗಿಯುವುದಿಲ್ಲ.

ನಮ್ಮ ಊರುಗಳಲ್ಲೂ ನಿವೃತ್ತ ಮೇಷ್ಟ್ರು, ನರ್ಸಮ್ಮ, ಬ್ಯಾಂಕಿನವರು, ಲೈನ್‌ಮನ್ ಇದ್ದಾರೆ. ಅವರ ಕೈಯಲ್ಲಿ ಮೂವತ್ತು-ನಲವತ್ತು ವರ್ಷದ ಕಸುಬು ಇದೆ. ಅದನ್ನು ಇನ್ನೊಬ್ಬರಿಗೆ ದಾಟಿಸಲು ಸಮುದ್ರ ದಾಟಬೇಕಿಲ್ಲ, ಯಾವ ಮತಕ್ಕೂ ಸೇರಬೇಕಿಲ್ಲ. ಪಕ್ಕದ ಬೀದಿಯ ಶಾಲೆಗೆ ವಾರಕ್ಕೆ ಎರಡು ದಿನ ಹೋದರೂ ಆದೀತು.

ಅತ್ತ ಘಾನಾದ ಯಾವುದೋ ಹೆರಿಗೆ ಆಸ್ಪತ್ರೆಯಲ್ಲಿ, ಬೊಂಬೆಯ ಮೇಲೆ ಕಲಿತ ನರ್ಸ್ ಹೊಸದಾಗಿ ಕೆಲಸಕ್ಕೆ ಸೇರಿದವಳಿಗೆ ಆ ಒಂದು ನಿಮಿಷದ ಪಾಠ ಹೇಳಿಕೊಡುತ್ತಿರುತ್ತಾಳೆ. ಮೊದಲು ಕಲಿಸಿದ ಅಜ್ಜಿಯನ್ನು ಆ ಹೊಸಬಳು ನೋಡಿಯೇ ಇರುವುದಿಲ್ಲ. ನೋಡಬೇಕಾದ ಅಗತ್ಯವೂ ಇಲ್ಲ.